ಪಟ್ಟಿಯಲ್ಲಿ ಗೆದ್ದದ್ದು

ಸೋಮವಾರ ಬೆಳಗ್ಗೆ ನೀರ್ಚಾಲಿನ ಬಸ್ ನಿಲ್ದಾಣದ ಬಳಿ ನನ್ನ ಮಗನ ಬ್ಯಾನರ್ ಎದ್ದಿತ್ತು. ‘ಅಂತರರಾಷ್ಟ್ರೀಯ ಚೆಸ್‌ನಲ್ಲಿ ಮಿಂಚಿದ ನಮ್ಮೂರ ಪ್ರತಿಭೆ.’ ಪ್ರತಿಭೆ ಅದನ್ನು ಕಂಡದ್ದೇ ತಡ, ಶಾಲೆಗೆ ಹೋಗಲು ತೋಟದ ಬದಿಯ ಒಳದಾರಿ ಹಿಡಿಯಿತು. ಮೂರು ದಿನಗಳಿಂದ ಹಾಗೆಯೇ ಹೋಗುತ್ತಿದ್ದಾನೆ. ಬ್ಯಾನರ್ ಕಟ್ಟಿದ ಹುಡುಗರು ಒಳ್ಳೆಯವರೇ. ಫೋಟೋ ಕೇಳಿದಾಗ ನಾನೇ ಕೊಟ್ಟೆ. ಒಟ್ಟಾರೆ ಎಷ್ಟನೆಯ ಸ್ಥಾನ ಎಂದು ಅವರು ಕೇಳಲಿಲ್ಲ, ನೂರ ಅರವತ್ತೆಂಟು ಎಂದು ನಾನೂ ಹೇಳಲಿಲ್ಲ.

ಪಂದ್ಯಾವಳಿ ನಡೆದದ್ದು ಚೆನ್ನೈಯಲ್ಲಿ. ಕಾಸರಗೋಡಿನಲ್ಲಿ ಮೇಲ್ ರೈಲು ಹತ್ತಿದರೆ ರಾತ್ರಿ ಕಳೆದು ಅಲ್ಲಿಗೆ. ಒಂಬತ್ತು ಸುತ್ತು, ಸ್ವಿಸ್ ಪದ್ಧತಿ. 1895ರಲ್ಲಿ ಜ್ಯೂರಿಕ್‌ನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಸೋತವನನ್ನು ಮನೆಗೆ ಕಳುಹಿಸುವುದಿಲ್ಲ, ಅವನಷ್ಟೇ ಅಂಕ ಇರುವ ಇನ್ನೊಬ್ಬನ ಎದುರು ಕೂರಿಸುತ್ತಾರೆ. ಹಗ್ಗ ಕಟ್ಟಿದ ಮುಂದಿನ ಸಾಲುಗಳಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳು, ಅವರ ಪಕ್ಕದಲ್ಲಿ 2600ರ ಮಟ್ಟದ ಆಟ ತೋರಿಸಿ ನಾರ್ಮ್, ಅಂದರೆ ಆ ಪಟ್ಟಕ್ಕೆ ಬೇಕಾದ ಅರ್ಹತೆ, ಗಳಿಸಲು ಒದ್ದಾಡುವ ಮೀಸೆ ಮೂಡದ ಹುಡುಗರು. ಹಿಂದೆ, ಊಟದ ಕೋಣೆಯ ಒಗ್ಗರಣೆಯ ವಾಸನೆ ಬರುವ ಜಾಗದಲ್ಲಿ, ನಮ್ಮಂಥವರ ಮಕ್ಕಳು.

ಹೊರಗೆ ಅಪ್ಪ ಅಮ್ಮಂದಿರು. 2024ರ ಡಿಸೆಂಬರಿನಲ್ಲಿ ಗುಕೇಶ್ 18ನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದಂದಿನಿಂದ ಈ ಜನರಿಗೆ ನಿದ್ದೆ ಇಲ್ಲ. ಒಬ್ಬ ತಾಯಿ ಬಾದಾಮಿಯನ್ನು ಎಣಿಸಿ ಡಬ್ಬಿಗೆ ಹಾಕುತ್ತಿದ್ದರು. ಸೋತು ಬಂದ ಮಗಳನ್ನು ಒಬ್ಬ ತಂದೆ ಮಾತನಾಡಿಸದೆ ನೀರಿನ ಬಾಟಲಿ ಮಾತ್ರ ಚಾಚಿದರು. ಎಂಥ ಮನುಷ್ಯ ಎಂದುಕೊಂಡೆ. ಮೂರನೆಯ ಸುತ್ತಿನ ನಂತರ ನಾನೂ ಬಾಟಲಿ ಮಾತ್ರ ಚಾಚಿದೆ.

ಎಂಟನೆಯ ಸುತ್ತಿಗೆ ಮಗನ ಅಂಕ ನಾಲ್ಕು. ಎದುರಾಳಿಯದ್ದೂ ನಾಲ್ಕು, ಆದರೆ ಆಟದ ಬಲ ಅಳೆಯುವ ರೇಟಿಂಗ್ 1710, ಇವನದು 1480. ಎಪ್ಪತ್ತರ ಹತ್ತಿರದ ನಿವೃತ್ತ ಮೇಷ್ಟರು. ಬಿಳಿ ಪಂಚೆ, ಎ.ಸಿ.ಯ ಚಳಿಗೆ ಕಂದು ಸ್ವೆಟರ್. ಜೋಡಿಗಳ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ತಮಿಳುನಾಡು, ಇವನ ಹೆಸರಿನ ಮುಂದೆ ಕೇರಳ.

ಎರಡೂವರೆ ಗಂಟೆಯ ನಂತರ ಇಬ್ಬರೂ ಒಟ್ಟಿಗೆ ಹೊರಗೆ ಬಂದರು. ಮೇಷ್ಟರು ನಗುತ್ತಿದ್ದರು, ಇವನ ಮುಖ ಸಪ್ಪಗಿತ್ತು. ಸೋತಿದ್ದಾನೆ ಎಂದು ಬಾಟಲಿ ತೆಗೆದೆ.

“ಗೆದ್ದದ್ದು ಇವನೇ,” ಎಂದರು ಮೇಷ್ಟರು, ಕನ್ನಡದಲ್ಲಿ. “ನನ್ನ ಚೀಲ ಸೋಲಿಸಿತು.”

ಆದದ್ದಿಷ್ಟು. ದೊಡ್ಡ ಮೊಬೈಲನ್ನು ಆರಿಸಿ ಚೀಲದಲ್ಲಿಟ್ಟಿದ್ದ ಅವರಿಗೆ, ಅದೇ ಚೀಲದ ಒಳಜೇಬಿನಲ್ಲಿದ್ದ ಹಳೆಯ ಗುಂಡಿ ಫೋನು ಮರೆತುಹೋಗಿತ್ತು. ಮಗನ ರಾಜ ಮೂಲೆಯಲ್ಲಿ ಉಸಿರು ಕಟ್ಟಿ ಕೂತಿದ್ದ ಹೊತ್ತಿಗೆ ಅದು ಕೂಗಿತು. ನಿಯಮದಲ್ಲಿ ಎರಡು ಮಾತಿಲ್ಲ: ಫೋನು ಸದ್ದು ಮಾಡಿದರೆ ಆಟ ಹೋಯಿತು, ಅಂಕ ಎದುರಾಳಿಗೆ. ತೀರ್ಪುಗಾರರು ಬಂದರು, ಗಡಿಯಾರ ನಿಲ್ಲಿಸಿದರು. ಮೇಷ್ಟರು ವಾದಿಸದೆ ಹಾಳೆಗೆ ಸಹಿ ಹಾಕಿದರು. ತಂತ್ರ ಹೂಡಿ ಫೋನಿನಿಂದ ನಡೆ ಕದಿಯುವವರಿಗಾಗಿ ಮಾಡಿದ ಈ ನಿಯಮಕ್ಕೆ ಸಿಕ್ಕಿಬೀಳುವವರು ಹೆಚ್ಚಾಗಿ ಇಂಥವರೇ ಎಂದು ನನ್ನ ಗುಮಾನಿ.

ಕಾರಿಡಾರಿನ ಮೇಜಿನ ಮೇಲೆ ಅವರು ಅದೇ ಸ್ಥಿತಿಯನ್ನು ಮತ್ತೆ ಜೋಡಿಸಿದರು. “ನೋಡು, ಆನೆ ಇಲ್ಲಿಗೆ ಬರುತ್ತಿತ್ತು.”

ಮಗ ಎರಡು ಕಾಯಿಗಳ ಮೇಲೆ ಕಣ್ಣಾಡಿಸಿ, “ನಿಮ್ಮ ಆನೆ ಯಾವುದು?” ಎಂದು ಕೇಳಿದ.

ಮೇಷ್ಟರು ತಬ್ಬಿಬ್ಬಾದರು. ಕಾಸರಗೋಡಿನ ಮಗುವಿಗೆ ಇದು ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ಅಜ್ಜನ ಆನೆ ಮೂಲೆಯಲ್ಲಿ ನಿಂತು ನೇರ ನಡೆಯುತ್ತದೆ, ಓರೆಯಾಗಿ ಹೋಗುವುದು ಒಂಟೆ. ಚೆಸ್ ಕಲಿಸುವ ಮಲಯಾಳಿ ಸರ್ ಮೂಲೆಯದನ್ನು ತೇರು ಎನ್ನುತ್ತಾರೆ, ಅವರ ಆನೆ ಓರೆಯಾಗಿ ಹೋಗುತ್ತದೆ. ಆದ್ದರಿಂದ ನಮ್ಮಲ್ಲಿ ಮೊದಲು ಆನೆ ಯಾರದ್ದೆಂದು ಕೇಳಿಕೊಂಡೇ ಆಡಬೇಕು. ವಿವರಿಸಿದಾಗ ಮೇಷ್ಟರು ಬಹಳ ಹೊತ್ತು ನಕ್ಕರು. ಅವರು ತಾಳವಾಡಿಯ ಕಡೆಯವರಂತೆ. “ರಾಜ್‌ಕುಮಾರರ ಗಾಜನೂರು ಇದೆಯಲ್ಲ, ಅದರ ಪಕ್ಕ. ಪಟ್ಟಿಯಲ್ಲಿ ತಮಿಳುನಾಡು, ಮನೆಯಲ್ಲಿ ಕನ್ನಡ. ನಿಮ್ಮ ಹಾಗೆಯೇ.”

ಪಟ್ಟಿಗಳ ವಿಷಯದಲ್ಲಿ ನಮ್ಮ ಊರಿನವರ ಅನುಭವ ಹಳೆಯದು. 1956ರ ನವೆಂಬರ್ 1ರಂದು ಕೇರಳದ ಪಟ್ಟಿಯಲ್ಲಿ ಸೇರಿದೆವು. 1967ರಲ್ಲಿ ಗಡಿ ಕುರಿತ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರವನ್ನು ಇನ್ನೊಂದು ಪಟ್ಟಿಗೆ ಹಾಕಬೇಕೆಂದಿತು, ಅದು ಕಾಗದದಲ್ಲೇ ಉಳಿಯಿತು. ಅಜ್ಜ, ಅಂದರೆ ನನ್ನ ತಂದೆ, ಈ ಮಾತು ಶುರು ಮಾಡಿದರೆ ಊಟ ತಣ್ಣಗಾಗುತ್ತದೆ. ಇರಲಿ.

ಅಷ್ಟರಲ್ಲಿ ಗುಂಡಿ ಫೋನು ಮತ್ತೆ ಕೂಗಿತು. ಅದೇ ನಂಬರು. ಮೇಷ್ಟರು ಎತ್ತಿಕೊಂಡು ತಮಿಳಿನಲ್ಲಿ ಎರಡು ಮಾತನಾಡಿ ಇಟ್ಟರು.

“ಮನೆಯಿಂದಲೇ?” ಎಂದೆ.

“ಅಲ್ಲ, ಸಾಲ ಬೇಕೇ ಎಂದು ಕೇಳುತ್ತಾಳೆ. ಮಗಳ ಮದುವೆಗೆ ಅಲೆದಾಗ ಒಬ್ಬನೂ ಕೊಡಲಿಲ್ಲ. ಈಗ ಹುಡುಕಿಕೊಂಡು ಬರುತ್ತಾರೆ. ಈಗಷ್ಟೇ ಒಂದು ಅಂಕ ಕಳೆದುಕೊಂಡೆ, ಅದನ್ನು ಕೊಡುತ್ತೀಯಾ ಅಮ್ಮ ಎಂದು ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ.”

ಮತ್ತೆ ಕಾಯಿಗಳತ್ತ ತಿರುಗಿದರು. ಆನೆ ಬಂತು, ಕುದುರೆ ಹಾರಿತು, ಮೂರನೆಯ ನಡೆಗೆ ರಾಜ ಸತ್ತ. “ನೀನು ಕಾಲಾಳನ್ನು ಬೇಗ ಮುಂದೆ ತಳ್ಳಿದೆ. ಅದೊಂದೇ ತಪ್ಪು,” ಎಂದು ಮಗನ ತಲೆ ಸವರಿದರು. ಅವನಿಗೆ ಅಳು ಬಂದದ್ದು ಆಗ.

ರಾತ್ರಿ ಊರಿನಿಂದ ಅಜ್ಜನ ಫೋನು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

“ಗೆದ್ದೆಯಾ?”

“ಪಟ್ಟಿಯಲ್ಲಿ ಗೆದ್ದೆ ಅಜ್ಜ.”

ಹನ್ನೊಂದು ವರ್ಷದ ಹುಡುಗ. ಆ ಮಾತು ಅವನಿಗೆ ಎಲ್ಲಿಂದ ಸಿಕ್ಕಿತೋ ತಿಳಿಯದು. ನಾನಾಗಿದ್ದರೆ “ಹೌದು” ಎಂದು ಮುಗಿಸುತ್ತಿದ್ದೆ, ಮುಗಿಸಿಯೂ ಇದ್ದೆ. ಅವನ ಅಮ್ಮನಿಗೆ ಆ ಸಂಜೆ ನಾನು ಕಳುಹಿಸಿದ ಸಂದೇಶದಲ್ಲಿ ಫೋನಿನ ಸುದ್ದಿಯೇ ಇರಲಿಲ್ಲ. ‘1710ರವರನ್ನು ಸೋಲಿಸಿದ’ ಎಂದಷ್ಟೇ ಇತ್ತು.

ಅಂಕಗಣಿತ ತನ್ನ ಪಾಡಿಗೆ ನಡೆಯಿತು. ಅರ್ಪಾದ್ ಎಲೋ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ರೂಪಿಸಿ, 1970ರಲ್ಲಿ ವಿಶ್ವ ಚೆಸ್ ಸಂಸ್ಥೆ ಫಿಡೆ ಒಪ್ಪಿಕೊಂಡ ಲೆಕ್ಕದಂತೆ ರೇಟಿಂಗಿನಲ್ಲಿ 230 ಹಿಂದಿರುವವನಿಂದ ನೂರು ಆಟಕ್ಕೆ ಇಪ್ಪತ್ತೊಂದು ಅಂಕ ನಿರೀಕ್ಷಿಸಬಹುದು. ಆದ್ದರಿಂದ ಈ ಒಂದು ಗೆಲುವಿಗೆ ಮಗನ ರೇಟಿಂಗ್ 31.6 ಏರಿತು. ಮಕ್ಕಳಿಗೆ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಮೇಷ್ಟರಿಗೆ ಇಳಿದದ್ದು 15.8. ಫೋನಿನ ಸದ್ದಿಗೆ ಆ ಲೆಕ್ಕದಲ್ಲಿ ಅಂಕಣವಿಲ್ಲ.

ಕೊನೆಯ ಸುತ್ತಿನಲ್ಲಿ ಇವನದು ಡ್ರಾ. ಐದೂವರೆ. 1600ರ ಕೆಳಗಿನವರ ವಿಭಾಗದಲ್ಲಿ ಹತ್ತನೆಯ, ಅಂದರೆ ಕೊನೆಯ ಬಹುಮಾನಕ್ಕೆ ಇವನೂ ಇನ್ನೊಬ್ಬ ಹುಡುಗಿಯೂ ಸಮ. ಆಗ ನೋಡುವುದು ಬುಕೋಲ್ಟ್ಸ್ ಅಂಕ: ನಿಮ್ಮ ಎದುರು ಆಡಿದವರೆಲ್ಲ ಒಟ್ಟು ಎಷ್ಟು ಗಳಿಸಿದರು ಎಂಬ ಮೊತ್ತ. 1932ರಿಂದ ಇರುವ ಲೆಕ್ಕ. ಅರ್ಧ ಅಂಕದಿಂದ ಇವನು ಮುಂದೆ. ಕೂತು ಕೂಡಿಸಿ ನೋಡಿದೆ. ಮೇಷ್ಟರು ಕೊನೆಯ ಸುತ್ತು ಗೆದ್ದಿದ್ದರು. ಅವರು ಸೋತಿದ್ದರೆ ಇವನ ಮೊತ್ತದಿಂದ ಒಂದು ಅಂಕ ಹೋಗಿ ಮೂರು ಸಾವಿರ ರೂಪಾಯಿ ಆ ಹುಡುಗಿಯದಾಗುತ್ತಿತ್ತು. ಹೇಳೋಣವೆಂದು ಹುಡುಕಿದರೆ ಅವರು ಸತ್ಯಮಂಗಲದ ಬಸ್ ಹಿಡಿಯಲು ಹೊರಟುಹೋಗಿದ್ದರು. ನಂಬರು ಕೇಳಿಕೊಂಡಿರಲಿಲ್ಲ. ಅಷ್ಟೆಲ್ಲ ಆದ ಮೇಲೆ ಫೋನ್ ನಂಬರು ಕೇಳುವುದು ಹೇಗೆ ಎಂಬ ಮುಜುಗರ.

ಊರಿಗೆ ಬಂದಂದಿನಿಂದ ಸಂಜೆ ಜಗಲಿಯಲ್ಲಿ ಅದೇ ಸ್ಥಿತಿ ಜೋಡಿಸಿಕೊಂಡು ಕೂರುತ್ತಾನೆ. ರಾಜನನ್ನು ಉಳಿಸುವ ಒಂದು ನಡೆ ಸಿಕ್ಕರೆ ಬ್ಯಾನರಿನ ಮುಂದೆ ನಡೆಯುತ್ತಾನೇನೋ. ಕಂಪ್ಯೂಟರನ್ನು ಕೇಳು ಎಂದೆ. ಕೇಳಿದ್ದಾನಂತೆ. ಇಲ್ಲ ಎಂದಿತಂತೆ.

ನಿನ್ನೆ ಅಜ್ಜ ಅಡಕೆ ಸುಲಿಯುವುದನ್ನು ಬಿಟ್ಟು ಬಂದು ಎದುರು ಕೂತರು. ಅವರು ಕಲಿತದ್ದು ಹಳೆಯ ಕ್ರಮ: ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ, ರಾಜನಿಗೆ ಆಟದಲ್ಲಿ ಒಮ್ಮೆ ಕುದುರೆಯ ಹಾಗೆ ಹಾರುವ ಹಕ್ಕು. ಹಿಂದಿನ ಕಾಲದ ಆಟಗಾರ ಸುಲ್ತಾನ್ ಖಾನ್ ಮೊದಲು ಕಲಿತದ್ದೂ ಭಾರತೀಯ ಕ್ರಮವನ್ನೇ. ಅನಂತರ ಬ್ರಿಟನ್ನಿಗೆ ಹೋಗಿ 1929, 1932, 1933ರಲ್ಲಿ ಅಲ್ಲಿನ ಚಾಂಪಿಯನ್ ಆದರು. ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಬಂದದ್ದು 2024ರಲ್ಲಿ, ಸತ್ತು ಎಷ್ಟೋ ಕಾಲವಾದ ಮೇಲೆ.

ಅಜ್ಜ ಹಲಗೆಯನ್ನು ಒಂದು ಗಳಿಗೆ ನೋಡಿ ರಾಜನನ್ನು ಎತ್ತಿದರು. ಕುದುರೆಯ ನಡೆಯಲ್ಲಿ ಮೂಲೆಯಿಂದ ಹೊರಕ್ಕೆ ಹಾರಿಸಿ ಇಟ್ಟರು. “ಉಳಿದನಲ್ಲ!”

ಮಗನ ಮುಖ ಅರಳಿತು.

“ಒಂದು ಷರತ್ತು ಇದೆ,” ಎಂದರು ಅಜ್ಜ. “ಇದಕ್ಕೆ ಮೊದಲು ರಾಜನಿಗೆ ಒಮ್ಮೆಯೂ ಚೆಕ್ ಬಿದ್ದಿರಬಾರದು. ಬಿದ್ದಿತ್ತೇ?”

ಅವನು ಒಳಗೆ ಓಡಿ ಚೀಲದಿಂದ ನಡೆ ಬರೆದ ಹಾಳೆಯನ್ನು ತಂದ. ಚೆಕ್ ಬಿದ್ದ ನಡೆಯ ಪಕ್ಕದಲ್ಲಿ ಕೂಡಿಸುವ ಚಿಹ್ನೆ ಹಾಕುವ ರೂಢಿ. ಬೆರಳಿಟ್ಟು ಒಂದೊಂದೇ ಸಾಲು ಇಳಿದ. ಇಪ್ಪತ್ತಮೂರನೆಯದರಲ್ಲಿ ಬೆರಳು ನಿಂತಿತು.