ಕಿಡ್ನಿ ಕಸಿ ಆದವರ ಮಾತ್ರೆ ಚೀಲದಿಂದ ಕಲಿತದ್ದು

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ಕಿಡ್ನಿ ಕಸಿ ಆದವರು ಚೆಕಪ್‌ಗೆ ಬಂದಾಗ ಡಾಕ್ಟರ್ ನೋಡುವ ಮೊದಲು ಅವರ ಮಾತ್ರೆಗಳನ್ನು ನಾನು ನೋಡುತ್ತೇನೆ. ತುಂಬಾ ಜನ ಕೇಳುವುದು ಇದನ್ನೇ: "ಮೇಡಂ, ಕಿಡ್ನಿ ಚೆನ್ನಾಗಿದೆ ಅಂತೀರಾ. ಮತ್ತೆ ಮೂರು ಥರ ಮಾತ್ರೆ ಯಾಕೆ? ಒಂದು ಸಾಕಾಗಲ್ವಾ?"

ಸಾಕಾಗುವುದಿಲ್ಲ. ಹೆಚ್ಚಿನವರ ಚೀಟಿಯಲ್ಲಿ ಇರುವುದು ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೋಲೋನ್. ಹೊಸ ಕಿಡ್ನಿ ತನ್ನದಲ್ಲ ಎಂದು ದೇಹಕ್ಕೆ ಗೊತ್ತಾಗುತ್ತದೆ, ಅದರ ಮೇಲೆ ಬಿಳಿ ರಕ್ತಕಣಗಳನ್ನು ಬಿಡುತ್ತದೆ. ಆ ಕಣಗಳು ಎಚ್ಚೆತ್ತುಕೊಳ್ಳದಂತೆ ಟ್ಯಾಕ್ರೋಲಿಮಸ್ ತಡೆಯುತ್ತದೆ. ಅವು ಸಂಖ್ಯೆಯಲ್ಲಿ ಹೆಚ್ಚದಂತೆ ಮೈಕೋಫಿನೊಲೇಟ್ ನೋಡಿಕೊಳ್ಳುತ್ತದೆ. ಪ್ರೆಡ್ನಿಸೋಲೋನ್ ಉರಿಯೂತ ತಗ್ಗಿಸುತ್ತದೆ. ಮೂರು ಕಡೆ ತಡೆ ಇರುವುದರಿಂದ ಪ್ರತಿಯೊಂದರ ಡೋಸನ್ನೂ ಕಡಿಮೆ ಇಡಬಹುದು. ಟ್ಯಾಕ್ರೋಲಿಮಸ್ ಜಾಸ್ತಿಯಾದರೆ ಯಾವ ಕಿಡ್ನಿ ಉಳಿಸಲು ಕೊಟ್ಟೆವೋ ಅದಕ್ಕೇ ಪೆಟ್ಟು. ಕೈ ನಡುಗುತ್ತದೆ, ಸಕ್ಕರೆ ಕಾಯಿಲೆಯೂ ಬರಬಹುದು.

ಕಡಿಮೆ ಡೋಸ್‌ನ ಈ ದಾರಿಗೆ ಬಲ ಕೊಟ್ಟದ್ದು 2007ರಲ್ಲಿ ಪ್ರಕಟವಾದ ಸಿಂಫನಿ ಅಧ್ಯಯನ. ಸಾವಿರದ ಆರುನೂರಕ್ಕೂ ಹೆಚ್ಚು ರೋಗಿಗಳನ್ನು ನಾಲ್ಕು ಗುಂಪು ಮಾಡಿದ್ದರು. ಎಲ್ಲರಿಗೂ ಮೈಕೋಫಿನೊಲೇಟ್ ಮತ್ತು ಸ್ಟಿರಾಯ್ಡ್ (ಪ್ರೆಡ್ನಿಸೋಲೋನ್ ಜಾತಿಯ ಔಷಧಿ) ಇತ್ತು. ಅದರ ಜೊತೆ ಕಡಿಮೆ ಡೋಸ್ ಟ್ಯಾಕ್ರೋಲಿಮಸ್ ಪಡೆದವರ ಕಿಡ್ನಿಯೇ ಒಂದು ವರ್ಷದ ನಂತರ ಚೆನ್ನಾಗಿ ಕೆಲಸ ಮಾಡುತ್ತಿತ್ತು. ರಿಜೆಕ್ಷನ್, ಅಂದರೆ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸುವುದೂ ಆ ಗುಂಪಿನಲ್ಲೇ ಕಡಿಮೆ.

ಆದರೆ ಕಡಿಮೆ ಡೋಸ್ ಎಂದರೆ ಹೆಚ್ಚುಕಮ್ಮಿಗೆ ಜಾಗವೂ ಕಡಿಮೆ. ನನ್ನ ಕೆಲಸದ ಬಹುಪಾಲು ಇಲ್ಲೇ ಇರುವುದು. ತೊಂದರೆ ಸಾಮಾನ್ಯವಾಗಿ ಈ ಮೂರು ಮಾತ್ರೆಗಳಿಂದ ಶುರುವಾಗುವುದಿಲ್ಲ, ನಾಲ್ಕನೆಯದರಿಂದ ಶುರುವಾಗುತ್ತದೆ.

ತೊಡೆಯಲ್ಲಿ ಹುಳುಕಡ್ಡಿ ಎಂದು ಮೆಡಿಕಲ್ ಶಾಪಿನಲ್ಲಿ ಇಟ್ರಾಕೊನಜೋಲ್ ತೆಗೆದುಕೊಳ್ಳುತ್ತಾರೆ. ಅದರಿಂದ ದೇಹ ಟ್ಯಾಕ್ರೋಲಿಮಸ್ ಅನ್ನು ಒಡೆದು ಹೊರಹಾಕುವುದು ನಿಧಾನವಾಗಿ, ರಕ್ತದಲ್ಲಿ ಅದರ ಲೆವೆಲ್ ಏರುತ್ತದೆ. ಟಿಬಿ ಬಂದು ರಿಫಾಂಪಿಸಿನ್ ಶುರು ಮಾಡಿದರೆ ಉಲ್ಟಾ, ಲೆವೆಲ್ ಕುಸಿಯುತ್ತದೆ. ದೇವನಹಳ್ಳಿ ಚಕ್ಕೋತ ಎಂದರೆ ನಮಗೆಲ್ಲ ಹೆಮ್ಮೆ, ಆದರೆ ಕಸಿ ಆದವರಿಗೆ ಅದು ಬೇಡ. ಅದೂ ಲೆವೆಲ್ ಏರಿಸುತ್ತದೆ. ಭೇದಿಯಾದಾಗ ಔಷಧಿಯೆಲ್ಲ ಹೊರಗೆ ಹೋಯಿತು ಎಂದು ಕೆಲವರು ತಾವಾಗಿಯೇ ಡೋಸ್ ಜಾಸ್ತಿ ಮಾಡುತ್ತಾರೆ. ನಿಜವಾಗಿ ಭೇದಿಯಲ್ಲಿ ಟ್ಯಾಕ್ರೋಲಿಮಸ್ ಲೆವೆಲ್ ಹೆಚ್ಚಾಗುವುದೇ ಜಾಸ್ತಿ.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಡಿಲ್ಟಿಯಾಜೆಮ್. ಇದು ಬಿಪಿ ಮಾತ್ರೆ. ಟ್ಯಾಕ್ರೋಲಿಮಸ್ ಲೆವೆಲ್ ಏರಿಸುವ ಗುಣವೂ ಇದಕ್ಕಿದೆ. ದುಬಾರಿ ಟ್ಯಾಕ್ರೋಲಿಮಸ್ ಕಡಿಮೆ ಸಾಕಾಗಲಿ ಎಂದು ನಮ್ಮ ದೇಶದ ಕೆಲವು ಡಾಕ್ಟರುಗಳು ಇದನ್ನು ಬೇಕೆಂದೇ ಸೇರಿಸುತ್ತಾರೆ. ತಿಂಗಳ ಖರ್ಚು ನೋಡಿದರೆ ಅದು ಒಳ್ಳೆಯ ಉಪಾಯವೇ. ಆದರೆ ಊರಿನ ಡಾಕ್ಟರ್ ಒಳ್ಳೆಯ ಮನಸ್ಸಿನಿಂದಲೇ ಅದನ್ನು ನಿಲ್ಲಿಸಿ ಬೇರೆ ಬಿಪಿ ಮಾತ್ರೆ ಬರೆದರೆ? ಬಿಪಿ ಸರಿಯಾಗಿಯೇ ಇರುತ್ತದೆ. ಟ್ಯಾಕ್ರೋಲಿಮಸ್ ಡೋಸೂ ಅಷ್ಟೇ. ಲೆವೆಲ್ ಮಾತ್ರ ಇಳಿದಿರುತ್ತದೆ, ರೋಗಿಗೆ ಅದರ ಸುಳಿವೇ ಸಿಗುವುದಿಲ್ಲ. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ) ಏರುವ ಹೊತ್ತಿಗೆ ಕಿಡ್ನಿಗೆ ಪೆಟ್ಟು ಬಿದ್ದಿರುತ್ತದೆ.

ಇನ್ನೊಂದು ಮಾತು. ಲೆವೆಲ್ ಟೆಸ್ಟ್ ತೋರಿಸುವುದು ಟ್ಯಾಕ್ರೋಲಿಮಸ್ ಅನ್ನು ಮಾತ್ರ. ಮೈಕೋಫಿನೊಲೇಟ್ ಅನ್ನು ಸಾಮಾನ್ಯವಾಗಿ ಅಳೆಯುವುದಿಲ್ಲ. ಹೊಟ್ಟೆ ಕೆಡುತ್ತದೆ ಎಂದೋ ದುಡ್ಡಿಲ್ಲ ಎಂದೋ ಅದನ್ನು ಬಿಟ್ಟವರ ರಿಪೋರ್ಟ್ ನೋಡಲು ಚೆನ್ನಾಗಿಯೇ ಇರುತ್ತದೆ. ಹಾಗಾಗಿ ನಾನು "ಸರಿಯಾಗಿ ತಗೋತಿದ್ದೀರಾ?" ಎಂದು ಕೇಳುವುದಿಲ್ಲ, ಎಲ್ಲರೂ ಹೂಂ ಅಂತಾರೆ. "ಈ ತಿಂಗಳು ಯಾವುದು ಖಾಲಿಯಾಗಿತ್ತು, ಯಾವುದು ಕಷ್ಟ ಆಯ್ತು?" ಎಂದು ಕೇಳುತ್ತೇನೆ. ಆಗ ನಿಜ ಹೊರಗೆ ಬರುತ್ತದೆ. ಬೈಯುವುದಿಲ್ಲ. ಡಾಕ್ಟರಿಗೆ ಹೇಳಿ ಡೋಸ್ ಹಂಚಿ ಕೊಡಬಹುದಾ, ಅದೇ ಥರ ಕೆಲಸ ಮಾಡುವ ಅಗ್ಗದ ಅಜಾಥಯೋಪ್ರಿನ್‌ಗೆ ಬದಲಾಯಿಸಬಹುದಾ ಎಂದು ನೋಡುತ್ತೇವೆ. ಮಗು ಬೇಕೆನ್ನುವ ಹೆಣ್ಣುಮಕ್ಕಳಿಗಂತೂ ಈ ಬದಲಾವಣೆ ಮೊದಲೇ ಆಗಲೇಬೇಕು, ಮೈಕೋಫಿನೊಲೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ.

ಚೆಕಪ್‌ಗೆ ಬರುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಕಷಾಯ, ನಾಟಿ ಔಷಧಿಯನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ ಎನ್ನುತ್ತೇನೆ. ಲೆವೆಲ್ ಟೆಸ್ಟ್ ಇರುವ ದಿನ ರಕ್ತ ಕೊಟ್ಟ ಮೇಲೆಯೇ ಬೆಳಗಿನ ಟ್ಯಾಕ್ರೋಲಿಮಸ್ ನುಂಗಬೇಕು. ಚೀಟಿ ಪುಸ್ತಕದ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ: "ಕಿಡ್ನಿ ಕಸಿ ಆಗಿದೆ. ಯಾವುದೇ ಮಾತ್ರೆ ಸೇರಿಸುವ, ನಿಲ್ಲಿಸುವ ಮೊದಲು ಈ ನಂಬರಿಗೆ ಫೋನ್ ಮಾಡಿ." ಈಗ ಊರುಗಳ ಮೆಡಿಕಲ್ ಶಾಪಿನವರೂ ಫೋನ್ ಮಾಡುತ್ತಾರೆ.