ಮರದ ಬುಡದ ನೀರು ಕೊನೆಗೂ ಇಂಗಿತು

ನಮ್ಮ ಹಳೆಯ ವಸತಿ ಸಮುಚ್ಚಯದ ನಡು ಅಂಗಳದಲ್ಲಿ, ದೊಡ್ಡ ಮರದ ಸುತ್ತ ಹಾಸಿದ್ದ ಇಂಟರ್‌ಲಾಕ್ ಕಲ್ಲುಗಳನ್ನು ನಾವು ಎರಡು ಸಲ ಕಿತ್ತು, ಹೊಸ ಮರಳು ಹರಡಿ, ನೀರು ಹರಿದುಹೋಗಲು ಮೀಟರಿಗೆ 2 ಸೆಂಟಿಮೀಟರ್ ವಾಟ (ಇಳಿಜಾರು) ಕೊಟ್ಟು ಮರುಜೋಡಿಸಿದ್ದೆವು. ಎರಡು ಸಲವೂ ಬೇರುಗಳು ಅವನ್ನು ಎತ್ತಿಹಾಕಿದವು, ತಗ್ಗಿನಲ್ಲಿ ನೀರು ಮಡುಗಟ್ಟಿತು. ಮೊನ್ನೆಯ ಜೋರು ಮಳೆಯಲ್ಲಿ ಮೊದಲ ಬಾರಿಗೆ ಅಲ್ಲಿ ನೀರು ನಿಲ್ಲಲಿಲ್ಲ.

ದೋಷವಿದ್ದುದು ವಾಟದಲ್ಲಲ್ಲ. 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ನೀರು ತುಂಬಿ, ಕಡ್ಡಿಯ ಮೇಲೆ ಗುರುತು ಹಾಕಿಟ್ಟು ನೋಡಿದರೆ, ಒಂದು ಗಂಟೆಯಾದರೂ ನೀರು ಬೆರಳಗಲ ಇಳಿದಿರಲಿಲ್ಲ. ಗುದ್ದಲಿಗೆ ತಾಗಿದ್ದು ಕಟ್ಟಡ ಕಟ್ಟುವಾಗ ಸುರಿದ ಇಟ್ಟಿಗೆ ಚೂರು ಮತ್ತು ಗಾರೆಯ ಹೆಂಟೆಗಳು ಮಣ್ಣಿನೊಂದಿಗೆ ಬೆರೆತು, ವರ್ಷಗಟ್ಟಲೆ ವಾಹನಗಳ ಭಾರಕ್ಕೆ ಕಲ್ಲಿನಂತೆ ಬಿಗಿದುಕೊಂಡಿದ್ದ ಪದರ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಕೆಳಗೆ ಎರಡೂ ಸಿಗದ ಕಾರಣ ಅದು ಕಲ್ಲಿನಡಿಯ ತೇವವನ್ನೂ ಸಡಿಲ ಮರಳನ್ನೂ ಅರಸಿ ಮೇಲೆ ಬಂದಿತ್ತು.

ದಪ್ಪ ಬೇರುಗಳನ್ನು ಕಡಿಯಬೇಕೆಂಬ ಸಲಹೆಯನ್ನು ನಾನು ಒಪ್ಪಲಿಲ್ಲ, ಏಕೆಂದರೆ ಮರವನ್ನು ನಿಲ್ಲಿಸಿರುವುದು ಅವೇ. ಕಾಂಡದ ಸುತ್ತ ಒಂದೂವರೆ ಮೀಟರ್ ಜಾಗವನ್ನು ತೆರೆದು ಒಣ ಎಲೆಗಳಿಂದ ಮುಚ್ಚಿದೆವು. ಅದರಾಚೆ ಬೇರುಗಳ ನಡುವೆ ಹಾರೆಯಿಂದ ಬಿಗಿ ಪದರವನ್ನು ಒಡೆದು, ಮಣ್ಣು ಮೇಲೆ ಬೆರೆಯದಂತೆ ನೀರು ಸೋಸುವ ಬಟ್ಟೆ ಹಾಸಿ, ಒಂದೇ ಗಾತ್ರದ 20 ಮಿಲಿಮೀಟರ್ ಜಲ್ಲಿಯನ್ನು 20 ಸೆಂಟಿಮೀಟರ್ ದಪ್ಪಕ್ಕೆ ತುಂಬಿದೆವು. ಇಂಥ ಜಲ್ಲಿಯಲ್ಲಿ ಸುಮಾರು ಶೇಕಡ 40ರಷ್ಟು ಖಾಲಿ ಜಾಗವಿರುವುದರಿಂದ, ಅಷ್ಟು ದಪ್ಪದ ಪದರವು 8 ಸೆಂಟಿಮೀಟರ್ ಮಳೆಯನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಇಂಗಿಸಬಲ್ಲದು.

ಆ ಖಾಲಿ ಜಾಗವನ್ನೇ ಸರಬರಾಜುದಾರರು ಮುಚ್ಚಿಬಿಡುತ್ತಿದ್ದರು. ತೊಳೆದ ಜಲ್ಲಿ ಕೇಳಿದ್ದರೆ ಬಂದದ್ದು ಪುಡಿ ಬೆರೆತ ಜಲ್ಲಿ. ಒಂದು ಹಿಡಿಯನ್ನು ಗಾಜಿನ ಸೀಸೆಯ ನೀರಿಗೆ ಹಾಕಿ ಕುಲುಕಿದಾಗ ನೀರು ಹಾಲಿನಂತಾಗಿ, ಬೆಳಗಾಗುವಷ್ಟರಲ್ಲಿ ತಳದಲ್ಲಿ ಬೂದಿಬಣ್ಣದ ಕೆಸರು ಕುಳಿತಿತ್ತು. ಲೋಡನ್ನು ಹಿಂದಿರುಗಿಸಿ, ಎರಡನೆಯದನ್ನೂ ನಾವೇ ಜರಡಿಯಲ್ಲಿ ಹಾಕಿ ತೊಳೆದೆವು. ಜಲ್ಲಿ ತರಿಸುವವರು ಇಳಿಸಿಕೊಳ್ಳುವ ಮುನ್ನ ಈ ಸೀಸೆ ಪರೀಕ್ಷೆಯನ್ನು ದಯವಿಟ್ಟು ಮಾಡಿ.

ಮುಂದಿನದು ಆಸನಗಳ ಕೆಲಸ. 1970ರ ದಶಕದಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಚೌಕಗಳಲ್ಲಿ ಜನರ ನಡವಳಿಕೆಯನ್ನು ಗಮನಿಸಿದ ಅಮೆರಿಕದ ಲೇಖಕ ವಿಲಿಯಂ ವೈಟ್, ಜನರು ಕೂರುವ ಮುನ್ನ ಕುರ್ಚಿಯನ್ನು ತುಸುವಾದರೂ ಸರಿಸಿಕೊಳ್ಳುವುದನ್ನು ಗುರುತಿಸಿದ್ದರು. ಹಾಗಾಗಿ ನೆಲಕ್ಕೆ ಬಿಗಿದ ಬೆಂಚುಗಳ ಜೊತೆಗೆ, ವಯಸ್ಸಾದವರು ಊರಿ ಏಳಲು ಕೈಯಿರುವ, 45 ಸೆಂಟಿಮೀಟರ್ ಎತ್ತರದ ಕೆಲವು ಸರಿಸಬಹುದಾದ ಕುರ್ಚಿಗಳನ್ನೂ ಇಡುವ ಯೋಚನೆಯಿದೆ. ಅದಕ್ಕೂ ಮೊದಲು, ಜಲ್ಲಿಯಲ್ಲಿ ಹುದುಗಿಸಿರುವ ರಂಧ್ರದ ಕೊಳವೆಯೊಳಗೆ ಪ್ರತಿ ಮಳೆಯ ನಂತರ ನೀರಿನ ಮಟ್ಟವನ್ನು ಅಳೆದು ಬರೆದಿಡುತ್ತಿದ್ದೇನೆ.