‘ಆ ಕಾಲಕ್ಕೆ ಚೆನ್ನಾಗಿತ್ತು ಬಿಡಿ’ ಅನ್ನುವವರಿಗೆ

‘ಇಷ್ಟೊಂದು ಹೊಸ ಥ್ರಿಲ್ಲರ್‌ಗಳಿವೆ. ಆ ಹಳೇ ಕಪ್ಪು-ಬಿಳುಪು ಅಮೆರಿಕನ್ ಕ್ರೈಂ ಸಿನಿಮಾಗಳನ್ನೇ ಯಾಕೆ ನೋಡ್ತೀರಿ?’ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಬರೆದಿಟ್ಟರೆ ಮುಂದಿನ ಸಲ ಕೇಳಿದವರಿಗೆ ಇದನ್ನೇ ಕಳಿಸಿ ಸುಮ್ಮನಿರಬಹುದು.

ಚಿಕ್ಕ ಉತ್ತರ: ಅವು ಬೇಗ ಮುಗಿಯುತ್ತವೆ. ತಮಾಷೆ ಅಲ್ಲ, ನಿಜವಾಗಿಯೂ ಅದೇ ಕಾರಣ.

ಪ್ರಶ್ನೆಗಿಂತ ಜಾಸ್ತಿ ಸಿಟ್ಟು ಬರಿಸುವುದು ಅದರ ಬಾಲ. ‘ಆ ಕಾಲಕ್ಕೆ ಚೆನ್ನಾಗಿತ್ತು ಬಿಡಿ.’ ಯಾವ ಕಾಲಕ್ಕೆ ಸ್ವಾಮಿ? ನಾನು ನೋಡುತ್ತಿರುವುದು ಈಗ. ಒಬ್ಬ ಗೆಳೆಯನನ್ನು ಬಲವಂತವಾಗಿ ಕೂರಿಸಿ ‘ದಿ ನ್ಯಾರೋ ಮಾರ್ಜಿನ್’ ಹಾಕಿದ್ದೆ. ರಿಚರ್ಡ್ ಫ್ಲೈಷರ್ ನಿರ್ದೇಶನ, 1952ರಲ್ಲಿ ತೆರೆಕಂಡದ್ದು, 71 ನಿಮಿಷ. ಗ್ಯಾಂಗ್‌ಸ್ಟರ್ ಒಬ್ಬನ ವಿಧವೆ ಲಾಸ್ ಏಂಜಲೀಸ್‌ನಲ್ಲಿ ಸಾಕ್ಷಿ ಹೇಳಬೇಕು. ಒರಟು ದನಿಯ ಒಬ್ಬ ಪೊಲೀಸ್ ಆಕೆಯನ್ನು ಷಿಕಾಗೋದಿಂದ ರೈಲಿನಲ್ಲಿ ಕರೆದೊಯ್ಯುತ್ತಾನೆ. ಕೊಲೆಗಾರರೂ ಅದೇ ರೈಲಿನಲ್ಲಿದ್ದಾರೆ, ಆದರೆ ಅವರಿಗೆ ಆಕೆಯ ಮುಖ ಗೊತ್ತಿಲ್ಲ. ಇಷ್ಟೇ ಕಥೆ.

ಗೆಳೆಯ ‘ಆ ಕಾಲಕ್ಕೆ’ ಅಂತ ಶುರುಮಾಡಿ ಫೋನ್ ಕೈಗೆತ್ತಿಕೊಂಡ. ಸ್ವಲ್ಪ ಹೊತ್ತಿಗೆ ತಲೆಯೆತ್ತಿ, ‘ಇವನ್ಯಾರು? ಇನ್ನೊಬ್ಬ ಪೊಲೀಸ್ ಎಲ್ಲಿ?’ ಅಂದ. ಇನ್ನೊಬ್ಬ ಪೊಲೀಸ್ ಆಗಲೇ ಸತ್ತಿದ್ದ! ರೈಲು ಹೊರಡುವ ಮೊದಲೇ. ಈ ಸಿನಿಮಾಗಳು ಯಾರಿಗೂ ಕಾಯುವುದಿಲ್ಲ. ಹಿಂದೆ ಹಾಕಿ ತೋರಿಸು ಅಂದ, ನಾನು ತೋರಿಸಲಿಲ್ಲ.

ಒರಟುತನ ಇಲ್ಲ ಅಂತ ನಾನೇನೂ ವಾದ ಮಾಡುವುದಿಲ್ಲ. ಎಡ್ಗರ್ ಉಲ್ಮರ್ ಅವರ ‘ಡಿಟೂರ್’ (1945) ನೋಡಿ. ನ್ಯೂಯಾರ್ಕಿನ ಬೀದಿ ಕಟ್ಟಲು ದುಡ್ಡಿಲ್ಲ, ಹಾಗಾಗಿ ತುಂಬ ಮಂಜು ಬಿಟ್ಟಿದ್ದಾರೆ. ಕೆಲವು ಶಾಟ್‌ಗಳಲ್ಲಿ ಫಿಲ್ಮಿನ ನೆಗೆಟಿವ್ ತಿರುಗಿಸಿ ಎಡ-ಬಲ ಅದಲುಬದಲು ಮಾಡಿಬಿಟ್ಟಿದ್ದಾರೆ. ಅಮೆರಿಕದ ಕಾರುಗಳು ರಸ್ತೆಯ ಎಡಕ್ಕೆ ಓಡುತ್ತವೆ, ಸ್ಟೀರಿಂಗ್ ಬಲಕ್ಕಿದೆ. (ನಮ್ಮ ಕಣ್ಣಿಗೆ ಅದೇ ಸರಿ ಕಾಣುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ!) ನಗುವವರು ನಗಲಿ. ಆ ಮಂಜಿನೊಳಗೆ ನಡೆಯುವ ಮನುಷ್ಯನಿಗೆ ಮುಂದೇನು ಅಂತ ತೋಚುತ್ತಿಲ್ಲ. ನಿಜವಾದ ಬೀದಿ ಕಟ್ಟಿದ್ದರೆ ನಾವು ಅಂಗಡಿಯ ಬೋರ್ಡ್ ಓದುತ್ತಾ ಕೂರುತ್ತಿದ್ದೆವು.

ನನ್ನನ್ನು ಯಾರಾದರೂ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಇಷ್ಟು ಕಡಿಮೆಯಲ್ಲಿ ಹೇಗೆ ಮುಗಿಸಿದರು? ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಆಗ ಒಂದೇ ಟಿಕೆಟ್‌ಗೆ ಎರಡು ಸಿನಿಮಾ. ದೊಡ್ಡ ತಾರೆಯರದ್ದೊಂದು, ಅದರ ಜೊತೆಗೆ ಇಂಥದ್ದೊಂದು. ಈ ಎರಡನೆಯದಕ್ಕೆ ಥಿಯೇಟರಿನವರು ಸಾಮಾನ್ಯವಾಗಿ ನಿಗದಿತ ಬಾಡಿಗೆ ಕೊಡುತ್ತಿದ್ದರು. ಜನ ಎಷ್ಟೇ ಬರಲಿ, ಸ್ಟುಡಿಯೋಗೆ ಸಿಗುವುದು ಅಷ್ಟೇ. ಹೀಗಾಗಿ ಖರ್ಚು ಮಾಡಲು ಯಾರಿಗೂ ಮನಸ್ಸಿಲ್ಲ, ಪಕ್ಕದಲ್ಲಿ ನಿಂತು ತಲೆ ತಿನ್ನಲು ಯಾರಿಗೂ ಪುರುಸೊತ್ತಿಲ್ಲ. ಜಾಣ ನಿರ್ದೇಶಕನಿಗೆ ಇನ್ನೇನು ಬೇಕು?

ಫ್ಲೈಷರ್ ಆ ರೈಲಿನ ಸೆಟ್ ಅಲುಗಾಡಿಸುವ ಗೋಜಿಗೇ ಹೋಗಲಿಲ್ಲ. ಕ್ಯಾಮೆರಾವನ್ನೇ ಅಲುಗಾಡಿಸಿದರು. ಹಿನ್ನೆಲೆ ಸಂಗೀತವನ್ನೂ ಕೈಬಿಟ್ಟರು, ಇಡೀ ಸಿನಿಮಾಕ್ಕೆ ರೈಲಿನದ್ದೇ ಸದ್ದು. ಒಂದು ಕಡೆ ಆ ಹೆಂಗಸು ಬೇಸರದಿಂದ ಉಗುರು ಉಜ್ಜುತ್ತಿರುತ್ತಾಳೆ. ಅದೇ ಲಯದಲ್ಲಿ ದೃಶ್ಯ ರೈಲಿನ ಚಕ್ರಕ್ಕೆ ಜಾರುತ್ತದೆ. ದುಡ್ಡಿದ್ದವರು ಅಲ್ಲಿ ಪಿಟೀಲು ತುಂಬಿಸುತ್ತಿದ್ದರು.

ಇನ್ನೂ ನಂಬಿಕೆ ಬರದಿದ್ದರೆ ವಾದ ಬೇಡ. ಜೋಸೆಫ್ ಲೂಯಿಸ್ ಅವರ ‘ಗನ್ ಕ್ರೇಜಿ’ (1950) ಹಾಕಿ. ಅದರಲ್ಲಿ ಒಂದು ಬ್ಯಾಂಕ್ ದರೋಡೆ ಇದೆ. ಕ್ಯಾಮೆರಾ ಕಾರಿನ ಹಿಂದಿನ ಸೀಟಿನಲ್ಲೇ ಕೂತಿದೆ, ಮೂರು ನಿಮಿಷಕ್ಕೂ ಮೀರಿದ ಒಂದೇ ಶಾಟ್. ಬ್ಯಾಂಕಿನ ಒಳಗೆ ಏನಾಯಿತು ಅಂತ ತೋರಿಸುವುದೇ ಇಲ್ಲ. ದರೋಡೆಗಿಳಿದಿರುವುದು ಒಂದು ಜೋಡಿ. ಅವನು ಒಳಗಿದ್ದಾನೆ. ಹೊರಗೆ ಪೊಲೀಸ್ ಒಬ್ಬ ಬಂದು ನಿಂತಿದ್ದಾನೆ, ಅವಳು ಕಾರಿಂದ ಇಳಿದು ಅವನನ್ನು ಮಾತಿಗೆಳೆಯುತ್ತಾಳೆ. ಅಷ್ಟನ್ನು ನೋಡಿ. ಫೋನ್ ಬೇರೆ ಕೋಣೆಯಲ್ಲಿರಲಿ. ‘ಯಾರಿವನು, ಯಾವಾಗ ಬಂದ’ ಅಂತ ನನಗೆ ಮೆಸೇಜ್ ಮಾಡಬೇಡಿ.